ಕರೆಂಟು ಹೋದ ದಿನದ ಐಸ್‌ಕ್ರೀಂ

ಯಡಿಯೂರು, ಬೆಂಗಳೂರು
11 ಮೇ 2004, ಮಂಗಳವಾರ

ಪ್ರೀತಿಯ ತಂಗಿ ಮುನಿಲಕ್ಷ್ಮಿಗೆ,

ನಿನ್ನ ದೊಡ್ಡಣ್ಣ ಗಂಗಾಧರಯ್ಯನ ಆಶೀರ್ವಾದಗಳು. ಕಣ್ಣಿನ ಆಪರೇಷನ್ ಆಗಿ ಹದಿನೈದು ದಿನವಾಯಿತಲ್ಲ, ಈಗ ಹೇಗಿದೆ? ಡ್ರಾಪ್ಸ್ ತಪ್ಪಿಸಬೇಡ, ಒಲೆಯ ಮುಂದೆ ಕೂರಬೇಡ. ದೊಡ್ಡಬಳ್ಳಾಪುರದಲ್ಲೂ ಇಷ್ಟೇ ಸೆಕೆಯೆ? ನೀನು ಓದುವಂತಿಲ್ಲವೆಂದು ಗೊತ್ತು. ಮೊಮ್ಮಗಳು ಅರ್ಪಿತ ಗಟ್ಟಿಯಾಗಿ ಓದಿ ಹೇಳಲಿ. ಫೋನು ಮಾಡಬಹುದಿತ್ತು. ಆದರೆ ನಾಲ್ಕು ದಿನದಿಂದ ಇಲ್ಲಿ ನಡೆದದ್ದನ್ನು ಫೋನಿನಲ್ಲಿ ಹೇಳಿದರೆ ಗಾಳಿಗೆ ಹೋಗುತ್ತದೆ. ಇದು ಕಾಗದದ ಮೇಲೇ ಇರಬೇಕು.

ನಮ್ಮ ಗಂಗೆ ಐಸ್‌ಕ್ರೀಂ ಈಗ ಬಿಟಿಎಂ ಲೇಔಟ್‌ನಲ್ಲೂ ಅಂಗಡಿ ತೆರೆದಿದೆ! ಹೋದ ಶುಕ್ರವಾರ ಪ್ರಾರಂಭೋತ್ಸವ. ತಮ್ಮ ತಿಮ್ಮರಾಯಪ್ಪ ಮಂಡಿನೋವಿನಿಂದ ಬರಲಿಲ್ಲ, ಅವನ ಮಗ ಮನುವೇ ಎಲ್ಲ ನೋಡಿಕೊಂಡ. ಗಾಜಿನ ಬಾಗಿಲು, ಬಣ್ಣದ ದೀಪ, ಬಂದವರ ಕೈಗೆಲ್ಲ ಕಂಪನಿಯ ಇತಿಹಾಸವೆಂದು ಒಂದು ನುಣುಪು ಪುಸ್ತಿಕೆ. ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಓದಿದೆ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ನನ್ನ ಕಿವಿ ಬಿಸಿಯಾಯಿತು. ‘ನಮ್ಮ ಸುಪ್ರಸಿದ್ಧ ಕೆಂಪು ಹಾಲಿನ ಐಸ್‌ಕ್ರೀಂ ಕುಟುಂಬದ ಹಿರಿಯರ ಸತತ ಸಂಶೋಧನೆಯ ಫಲ’ ಎಂದು ಅಚ್ಚಾಗಿದೆ. ಯಾವ ಹಿರಿಯರು? ಯಾವ ಸಂಶೋಧನೆ? ನಲವತ್ತು ವರ್ಷದಿಂದ ಪತ್ರಿಕೆಗಳ ತಪ್ಪು ತಿದ್ದಿ ಸಂಪಾದಕರಿಗೆ ಬರೆಯುತ್ತಾ ಬಂದವನು ನಾನು. ನಮ್ಮ ಮನೆಯ ಸುಳ್ಳನ್ನೇ ನುಂಗಿಕೊಂಡು ಕೂರಲೇ?

ನಡೆದದ್ದು ನಿನಗೆ ಗೊತ್ತು, ಆದರೆ ಅರ್ಪಿತಳಿಗೆ ಗೊತ್ತಿಲ್ಲ, ಅವಳಿಗಾಗಿ ಬರೆಯುತ್ತೇನೆ. ನಮ್ಮ ಹೊಲಗಳು ಬಡಾವಣೆಗೆ ಹೋದ ಮೇಲೆ ಅಪ್ಪನಿಗೆ ಉಳಿದದ್ದು ಕೊಟ್ಟಿಗೆ ಮತ್ತು ನಾಲ್ಕು ಹಸು. ಅಪ್ಪ ಪಾಪಯ್ಯನ ಹಾಲೆಂದರೆ ಜಯನಗರದ ನಾಲ್ಕನೇ ಬ್ಲಾಕಿನವರೆಗೂ ಹೆಸರು. ಬೇಸಿಗೆಯಲ್ಲಿ ಉಳಿದ ಹಾಲನ್ನು ಮರದ ಪೀಪಾಯಿಯಲ್ಲಿ ಐಸು, ಉಪ್ಪು ಹಾಕಿ ತಿರುವಿ ಮದುವೆ ಮನೆಗಳಿಗೆ ಕೊಡುತ್ತಿದ್ದ. ಅಪ್ಪ ಹೋದ ಮೇಲೆ, ತೊಂಬತ್ತೊಂದರಲ್ಲಿ, ತಿಮ್ಮರಾಯಪ್ಪ ಮೆಷಿನ್ ತಂದು ಹಿರಿಯ ಹಸು ಗಂಗೆಯ ಹೆಸರನ್ನೇ ಬೋರ್ಡಿಗೆ ಬರೆಸಿದ. ಮೆಷಿನ್ ಬಂತು, ಕರೆಂಟು ಬರಲಿಲ್ಲ. ಆ ವರ್ಷಗಳ ಲೋಡ್ ಶೆಡ್ಡಿಂಗ್ ಮರೆತವರು ಮರೆಯಲಿ, ನಾನು ಮರೆತಿಲ್ಲ.

1996, ಏಪ್ರಿಲ್ 17. ಬನಶಂಕರಿಯ ಛತ್ರಕ್ಕೆ ನಾನೂರು ಕಪ್ಪು ಒಪ್ಪಿಕೊಂಡಿದ್ದೆವು. ಬೆಳಿಗ್ಗೆ ಎಂಟಕ್ಕೆ ಕೊಳದಪ್ಪಲೆಯ ಹಾಲು ಕುದಿಯುವಾಗ ಕರೆಂಟು ಹೋಯಿತು. ಇಳಿಸಿಟ್ಟರೆ ಆ ಸೆಕೆಗೆ ಒಡೆಯುತ್ತದೆಂದು ನೀನು ಸೌದೆ ಹಿಂದಕ್ಕೆಳೆದು, ಸಣ್ಣ ಉರಿಯಲ್ಲಿ ಮರದ ಹುಟ್ಟಿನಿಂದ ಕದಡುತ್ತಲೇ ನಿಂತೆ. ಮೂರೂವರೆ ಗಂಟೆ. ಹಾಲು ಅರ್ಧಕ್ಕಿಳಿದು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಎಲ್ಲ ಹಾಳಾಯಿತೆಂದು ತಿಮ್ಮರಾಯಪ್ಪ ತಲೆಯ ಮೇಲೆ ಕೈ ಹೊತ್ತ. ಕರೆಂಟು ಬಂದದ್ದೇ ನೀನು ಅದನ್ನೇ ಮೆಷಿನ್ನಿಗೆ ಸುರಿದೆ. ಹಾಲು ಅರ್ಧವಾದ್ದರಿಂದ ಕಪ್ಪೂ ಅರ್ಧರ್ಧವೇ. ಛತ್ರದಲ್ಲಿ ಹೆಣ್ಣಿನ ಕಡೆಯ ಹಿರಿಯರೊಬ್ಬರು, “ಏನಮ್ಮಾ, ಅರ್ಧ ಕಪ್ಪಲ್ಲಿ ಪೂರ್ತಿ ಮದುವೆ ಮುಗಿಸ್ತೀಯಾ?” ಎಂದು ಎಲ್ಲರೆದುರು ಕೇಳಿದರು. ನೀನು ತಲೆ ತಗ್ಗಿಸದೆ, “ತಿಂದ್ ನೋಡಿ ಸಾರ್, ಇನ್ನರ್ಧ ಆಮೇಲೆ ಮಾತಾಡಣ” ಎಂದೆ. ಅವರು ತಿಂದು, ಮಾತಾಡದೆ ಇನ್ನೊಂದು ಕಪ್ಪಿಗೆ ಕೈ ಚಾಚಿದರು. ಅಲ್ಲಿಂದ ಮುಂದೆ ಕೆಂಪು ಹಾಲಿನದು ಯಾವಾಗಲೂ ಅರ್ಧ ಕಪ್ಪೇ. ಗಿರಾಕಿಗಳು ಅದನ್ನು ‘ಕರೆಂಟು ಹೋಗಿದ್ದು’ ಎಂದೇ ಕೇಳುತ್ತಿದ್ದರು.

ಮೂರು ವರ್ಷದ ಹಿಂದೆ ಮನು ನಮ್ಮ ಜೆ.ಪಿ. ನಗರದ ಕಾರ್ಖಾನೆಗೆ ಜನರೇಟರ್ ತಂದು, ಒಲೆ ಒಡೆಸಿ, “ಅತ್ತೆ, ಇನ್ಮೇಲೆ ನೀವು ಆರಾಮಾಗಿ ಕೂತ್ಕೊಳ್ಳಿ, ಮೆಷಿನ್ ಇದೆಯಲ್ಲ” ಎಂದ. ನೀನು ಹುಟ್ಟು ತೊಳೆದು ಮೊಳೆಗೆ ನೇತುಹಾಕಿ ಮಗಳ ಮನೆಗೆ ಹೊರಟೆ. ಆಮೇಲೆ ಕಾರ್ಖಾನೆಯ ಹೊಸಿಲು ತುಳಿದಿಲ್ಲ. ಆ ಹುಟ್ಟು ಇನ್ನೂ ಅಲ್ಲೇ ಇದೆ, ಯಾರೂ ಮುಟ್ಟಿಲ್ಲ.

ಈಗ ಕೇಳು. ನೀನಿದ್ದಾಗ ಭಾನುವಾರಗಳಲ್ಲಿ ಬಿಟಿಎಂನಿಂದ ಬಸ್ಸು ಹತ್ತಿ ನಮ್ಮ ಯಡಿಯೂರು ಅಂಗಡಿಗೆ ಬರುತ್ತಿದ್ದಳಲ್ಲ ಹುಲಿಗೆವ್ವ, ಕೊಪ್ಪಳದ ಕಡೆಯವಳು, ಕಚೇರಿ ಕ್ಯಾಂಟೀನಿನಲ್ಲಿ ಕೆಲಸ ಮಾಡುವವಳು? ಶುಕ್ರವಾರ ಅವಳೂ ಬಂದಿದ್ದಳು. ಕಪ್ಪಿನ ತುಂಬ ಕೆಂಪು ಹಾಲಿನದು ಕೊಟ್ಟರು. ಒಂದು ಚಮಚ ತಿಂದು ಕಪ್ಪನ್ನು ಮನುವಿನ ಮುಂದೆಯೇ ಇಟ್ಟಳು. “ಇದಕ್ಕ ಬಣ್ಣ ಬಂದೈತ್ರಿ, ಹಾಲು ಬಂದಿಲ್ಲ. ಕಪ್ಪು ತುಂಬಿಸಿ ಕೊಟ್ರ ನಾವು ಮರೀತೀವೇನ್ರಿ? ಆ ಅಕ್ಕಾರು ಎಲ್ಲದಾರ?” ಸುತ್ತ ನಿಂತವರೆಲ್ಲ ತಮ್ಮ ತಮ್ಮ ಕಪ್ಪು ನೋಡಿಕೊಂಡರು. ನನಗೆ ಎದ್ದು ಚಪ್ಪಾಳೆ ತಟ್ಟಬೇಕೆನ್ನಿಸಿತು, ತಟ್ಟಿಯೂ ಬಿಟ್ಟೆ. ಹಾಲಿನ ಪುಡಿ, ಬಾಟಲಿಯ ಬಣ್ಣ, ಬೇರೇನಿದೆ ಅದರಲ್ಲಿ!

ಮನು ಕೆಟ್ಟವನಲ್ಲ. ಮರುದಿನವೇ ಮನೆಯ ಹಿತ್ತಲಿನಲ್ಲಿ ಮೂರು ಕಲ್ಲಿಟ್ಟು ತಾನೇ ಹಾಲು ಕಾಯಿಸಿದ. ಮೊದಲ ಸಲ ಬೇಗ ಇಳಿಸಿ ಬೆಳ್ಳಗಾಯಿತು. ಎರಡನೆಯ ಸಲ ತಳ ಹಿಡಿದು ಬೀದಿಯವರೆಗೆ ಸೀದ ವಾಸನೆ. ಮೂರನೆಯದೂ ಹೋದ ಮೇಲೆ ಬೂದಿ ಮೆತ್ತಿದ ಪ್ಯಾಂಟಿನಲ್ಲೇ ನೆಲಕ್ಕೆ ಕೂತು, “ದೊಡ್ಡಪ್ಪ, ಅತ್ತೆ ಯಾವಾಗ ಇಳಿಸ್ತಿದ್ರು? ಬಣ್ಣ ನೋಡ್ಕೊಂಡಾ, ವಾಸ್ನೆ ನೋಡ್ಕೊಂಡಾ?” ಎಂದ. ತಾರೀಖು, ಗಂಟೆ, ಕಪ್ಪಿನ ಲೆಕ್ಕ ಎಲ್ಲ ನೆನಪಿರುವ ನನಗೆ ಅದೊಂದು ಗೊತ್ತಿರಲಿಲ್ಲ. ಗೊತ್ತಿರುವುದು ನಿನಗೊಬ್ಬಳಿಗೇ. ಆ ಸಿಟ್ಟಿನಲ್ಲೇ ಪುಸ್ತಿಕೆಯನ್ನು ಅವನ ಮುಂದೆ ಹಿಡಿದು, ಈ ನಾಚಿಕೆಗೆಟ್ಟ ಸಾಲು ಬರೆದವರು ಯಾರೆಂದು ಕೂಗಾಡಿದೆ. ಅವನು ಎದ್ದು ಒಳಗೆ ಹೋದ.

ಅಳಿಯಂದಿರಿಗೆ, ಮಗಳಿಗೆ ನನ್ನ ಆಶೀರ್ವಾದ ತಿಳಿಸು. ಓದಿ ಹೇಳಿದ ಅರ್ಪಿತಳ ಗಂಟಲಿಗೆ ಒಂದು ಲೋಟ ಮಜ್ಜಿಗೆ ಕೊಡು. ನಿನ್ನ ಕಣ್ಣು ಬೇಗ ತಿಳಿಯಾಗಲಿ.

ಇತಿ ನಿನ್ನ ದೊಡ್ಡಣ್ಣ,
ಗಂಗಾಧರಯ್ಯ

ಮರೆತೆನೆಂದು ಹೇಳಲಾರೆ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಇದನ್ನೂ ಅರ್ಪಿತ ಗಟ್ಟಿಯಾಗಿಯೇ ಓದಲಿ. ಮನು ಒಳಗಿನಿಂದ ಒಂದು ಹಳೆಯ ಹಾಳೆ ತಂದು ಕೈಗಿಟ್ಟ. ತೊಂಬತ್ತೇಳರಲ್ಲಿ ಅಂಗಡಿಯ ಮೊದಲ ಕರಪತ್ರಕ್ಕೆ ಬರೆದ ಒಕ್ಕಣೆ. ಆ ಸಾಲು ಅದರಲ್ಲಿತ್ತು, ಅಕ್ಷರ ನನ್ನದು. ಕರೆಂಟು ಹೋಯಿತೆಂದು ಬರೆದರೆ ಗೌರವವಿರದು ಅಂದುಕೊಂಡಿದ್ದೆ. ನೀನು ಮೂರೂವರೆ ಗಂಟೆ ಹೊಗೆಯಲ್ಲಿ ನಿಂತಿದ್ದಾಗ ನಾನು ಜಗಲಿಯಲ್ಲಿ ಪೇಪರು ಓದುತ್ತಿದ್ದೆ, ಅದೂ ನೆನಪಿದೆ. ಪುಸ್ತಿಕೆಗಳನ್ನೆಲ್ಲ ವಾಪಸು ತರಿಸಿದ್ದೇವೆ. ಭಾನುವಾರ ಮನು ಕಾರು ತರುತ್ತಾನೆ, ಜೊತೆಗೆ ನಾನೂ ಬರುತ್ತೇನೆ. ಬಾಗಿಲು ತೆರೆಯುವುದು ಬಿಡುವುದು ನಿನ್ನಿಷ್ಟ. ಒಲೆಯ ಮುಂದೆ ನಿನ್ನನ್ನು ಕೂರಿಸುವುದಿಲ್ಲ, ಕುರ್ಚಿಯಲ್ಲಿ ಕೂತು ‘ಈಗ ಇಳಿಸು’ ಎಂದರೆ ಸಾಕು, ಹುಟ್ಟು ನಾನು ಹಿಡಿಯುತ್ತೇನೆ. ಹೊಸ ಪುಸ್ತಿಕೆಗೆ ಒಂದೇ ಸಾಲು ಬರೆದಿದ್ದೇನೆ, ಸರಿಯೋ ತಪ್ಪೋ ನೀನೇ ಹೇಳಬೇಕು: ‘1996ರ ಏಪ್ರಿಲ್ 17ರ ಬೆಳಿಗ್ಗೆ ಎಂಟಕ್ಕೆ ಕರೆಂಟು ಹೋಯಿತು, ಮುನಿಲಕ್ಷ್ಮಮ್ಮ ಹುಟ್ಟು ಕೆಳಗಿಡಲಿಲ್ಲ.’