ಪ್ಯಾಡ್ ಇಲ್ಲದ ಭುಜ

ಚಿಕ್ಕಪ್ಪಾ,

ತೀರಿಕೊಂಡವರಿಗೆ ಕಾಗದ ಮುಟ್ಟುವುದಿಲ್ಲ ಎಂದು ಗೊತ್ತು. ಆದರೂ ಇದನ್ನು ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬಿಹೋಗುತ್ತದೆ!

ಮೊನ್ನೆ ಬೆಳಿಗ್ಗೆ ನಮ್ಮ ಹೊಲಿಗೆ ಅಂಗಡಿಗೆ ಬ್ಯಾಂಕಿನವರೊಬ್ಬರು ಬಂದು ಫೋನಿನಲ್ಲಿ ಕೋಟೊಂದನ್ನು ತೋರಿಸಿದರು. ಭುಜಕ್ಕೆ ಹತ್ತಿಯ ಪ್ಯಾಡ್ ಇಲ್ಲ, ಒಳಗೆ ಗಟ್ಟಿ ಕ್ಯಾನ್ವಾಸ್ ಇಲ್ಲ.

"ಈಗ ಎಲ್ರೂ ಇಂಥದ್ದೇ ಹಾಕ್ತಾರೆ. ನಿಮ್ಮ ಕೈಲಿ ಆಗುತ್ತಾ?"

ನೀವು ಹೊಲಿದ ಬೂದು ಕೋಟನ್ನು ನಾನು ಕಪಾಟಿನಿಂದ ತೆಗೆದೆ. ಗಿರಾಕಿಗಳು ನಗುತ್ತಾರೆಂದು ಹಿಂದೆ ನಿಮಗೆ ಹೇಳದೆ ನಾನೇ ತುರುಕಿದ್ದ ಪ್ಯಾಡುಗಳನ್ನು ಬಿಚ್ಚಿಹಾಕಿ ಅವರಿಗೆ ತೊಡಿಸಿದೆ. ಭುಜ ಎಷ್ಟು ಚೆಂದ ಇಳಿಯಿತು ಅಂತೀರಿ! ಅವರು ಕನ್ನಡಿಯ ಮುಂದೆ ಕೈ ಬೀಸಿದ್ದೇ ಬೀಸಿದ್ದು.

"ಯಾರ ಕಟಿಂಗ್ ರೀ ಇದು? ನಮ್ಮ ಬ್ರಾಂಚಿನ ಆರೂ ಜನಕ್ಕೆ ಹೊಲಿದುಕೊಡಿ."

"ನನ್ನ ತಮ್ಮಂದು," ಎಂದರು ಅಪ್ಪ, ಮಿಷನ್ನಿನ ಹಿಂದಿನಿಂದ. "ಗೋಣಿಚೀಲ ಅಂತ ನಗ್ತಿದ್ವಿ. ನಮ್ಮ ತಲೇಲೇ ಹತ್ತಿ ತುಂಬಿತ್ತು ಬಿಡಿ."

ಅಳತೆ ತೆಗೆದಾಯಿತು, ಬಟ್ಟೆಯೂ ಬಂತು, ಕೈ ಕುಣಿಯುತ್ತಿದೆ. ಆದರೆ ತೋಳು ಕೂಡಿಸುವಲ್ಲಿ ನೀವು ಬಟ್ಟೆಯನ್ನು ಎಷ್ಟು ಸಡಿಲ ಬಿಡುತ್ತಿದ್ದಿರೋ ತಿಳಿಯುತ್ತಿಲ್ಲ. ತಿಳಿಯಬೇಕಾದರೆ ನಿಮ್ಮ ಹೊಲಿಗೆಯನ್ನೇ ಬಿಚ್ಚಬೇಕು. ಅಪ್ಪ ಬಿಚ್ಚು ಎನ್ನುತ್ತಿದ್ದಾರೆ.

"ಬಾ, ಕಲಿಸ್ತೀನಿ" ಎಂದು ನೀವು ಎರಡು ಸಲ ಕರೆದಿದ್ದಿರಿ.