ಬೆಂಕಿ ಹಚ್ಚದ ಬಸ್ಸು

ಹುಣಸೇಕುಂಟೆ,
ಮಧುರೆ ಹೋಬಳಿ.
೧೪ ಮಾರ್ಚ್ ೧೯೪೪

ಚಿರಂಜೀವಿ ಸೌಭಾಗ್ಯವತಿ ಭಾಗ್ಯಮ್ಮನಿಗೆ ನಿನ್ನ ಅಪ್ಪ ವೆಂಕಟರಾಯಪ್ಪ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಮೈಗೆ ಏನೂ ಆಗಿಲ್ಲ, ಅಷ್ಟರ ಮಟ್ಟಿಗೆ ಕ್ಷೇಮ. ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಅಪ್ಪ ಉತ್ತರ ಬರೆಯಲಿಲ್ಲವೆಂದು ನೊಂದುಕೊಳ್ಳಬೇಡ ಮಗಳೇ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಕಾಗದ ಹರಿದು ಒಲೆಗೆ ಹಾಕಿದೆ. ಅಷ್ಟು ಸಿಟ್ಟು.

ಏಳು ತಿಂಗಳ ಬಸುರಿಗೆ ಇಂಥ ಕಾಗದ ಬರೆಯಬಾರದು ಅಂತ ನಿಮ್ಮಮ್ಮ ಹುಣಸೆಹಣ್ಣು ಕುಟ್ಟುತ್ತಾ ಕೂತಲ್ಲಿಂದಲೇ ಹೇಳುತ್ತಿದ್ದಾಳೆ. ಅವಳಿಗೇನು ಗೊತ್ತು. ನೀನು ಲೋಯರ್ ಸೆಕೆಂಡರಿ ಓದಿದವಳು, ನಿನಗೆ ಸುಳ್ಳು ಬರೆದರೆ ಅಕ್ಷರದಲ್ಲೇ ಹಿಡಿದುಬಿಡುತ್ತೀಯೆ. ನಿನ್ನ ಗಂಡ ಹೊಸಕೋಟೆಗೆ ಬಂದವನು ಗೋಡೆಗೆ ಮುಖ ಮಾಡಿ ಮಲಗಿದ್ದಾನೆ, ಕೇಳಿದರೆ ಮಾತಾಡುವುದಿಲ್ಲ ಎಂದು ಬರೆದಿದ್ದೀಯೆ. ಒಂದು ಪ್ರಶ್ನೆಯನ್ನೂ ಕೇಳಿದ್ದೀಯೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಡೆದದ್ದು ಕೇಳು.

ಈ ಯುದ್ಧ ಬಂದಮೇಲೆ ಪೆಟ್ರೋಲಿನ ಮುಖ ನೋಡಿದವರಿಲ್ಲ. ನಿನ್ನ ಗಂಡ ರಾಮಾಂಜಿನಪ್ಪ ಓಡಿಸುವುದು ಇದ್ದಿಲಿನ ಬಸ್ಸು ಎಂದು ನಿನಗೂ ಗೊತ್ತು. ಹಿಂದುಗಡೆ ಆಳೆತ್ತರದ ಡ್ರಮ್ಮು. ಅದಕ್ಕೆ ಇದ್ದಿಲು ಸುರಿದು, ಬೆಂಕಿ ಹಚ್ಚಿ, ಒಬ್ಬ ಹಿಡಿಕೆ ತಿರುಗಿಸುತ್ತಾ ಗಾಳಿ ಊದಬೇಕು. ಅರ್ಧ ಗಂಟೆ ಬೆವರು ಸುರಿಸಿದ ಮೇಲೆ ಅದಕ್ಕೆ ಮನಸ್ಸು ಬಂದರೆ ಒಂದು ಸಲ ಕೆಮ್ಮುತ್ತದೆ, ಇಲ್ಲದಿದ್ದರೆ ಮತ್ತೆ ಅರ್ಧ ಗಂಟೆ. ಒಬ್ಬನ ಕೈಲಿ ಆಗುವ ಕೆಲಸವಲ್ಲ.

ಅವತ್ತು ಸಂಜೆ ಐದಕ್ಕೆ ಬಸ್ಸು ನಮ್ಮೂರಿಗೆ ಬಂತು. ದಿನದಂತೆ ಹುಣಸೆಮರದ ಕೆಳಗೆ ನಿಂತಿತು. ಜನ ಇಳಿದರು. ಅವನು ಡ್ರಮ್ಮಿನ ಬೆಂಕಿ ಆರಿಸಿ, ಬೂದಿ ಕೆದಕಿ ತೆಗೆದು, ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೆ ಕಂಡಕ್ಟರ್ ಮುನಿಸ್ವಾಮಿಯ ಜೊತೆ ಪಕ್ಕದ ಹಳ್ಳಿಗೆ ನಡೆದುಕೊಂಡು ಹೋದ. ಮುನಿಸ್ವಾಮಿಯ ತಂಗಿಯ ಮದುವೆಯ ಬೀಗರೂಟ. ಬೀಗರೂಟ ಅಂದಮೇಲೆ ಮರಿ ಕೊಯ್ದಿದ್ದರು, ಸಾರಾಯಿಯೂ ಇತ್ತು, ಕುಡಿದ. ಕುಡಿಯಲಿಲ್ಲ ಅಂತ ನಾನು ಹೇಳುವುದಿಲ್ಲ. ಮುನಿಸ್ವಾಮಿ ಅಲ್ಲೇ ಉಳಿದ. ಇವನು ಒಬ್ಬನೇ ನಡೆದುಕೊಂಡು ವಾಪಸು ಬಂದು ಬಸ್ಸಿನಲ್ಲಿ ಮಲಗಿದ. ಹಿಂದಿನ ಸೀಟುಗಳ ಮೇಲೆಲ್ಲ ಇದ್ದಿಲಿನ ಮೂಟೆ, ಯಾರದೋ ಹುರುಳಿ ಚೀಲ. ಜಾಗವಿದ್ದದ್ದು ಡ್ರೈವರ್ ಸೀಟೊಂದೇ. ಅಲ್ಲಿ ಕೂತು, ಸ್ಟೇರಿಂಗಿನ ಮೇಲೆ ತಲೆ ಇಟ್ಟು ನಿದ್ದೆ ಹೋದ.

ಬೆಳಕು ಹರಿಯುವ ಹೊತ್ತಿಗೆ ಇನ್ಸ್‌ಪೆಕ್ಟರು ದಫೇದಾರನನ್ನು ಹಿಂದೆ ಕೂರಿಸಿಕೊಂಡು ಮೋಟಾರ್ ಸೈಕಲ್ಲಿನಲ್ಲಿ ಬಂದ, ಪರ್ಮಿಟ್ಟು ನೋಡುವುದಕ್ಕೆ. ಬಾಗಿಲು ತೆಗೆದರೆ ಘಮ್ ಅಂತ ವಾಸನೆ. ಅಷ್ಟೇ ಸಾಕಾಯಿತು. ಕುಡಿದು ಬಸ್ಸು ನಡೆಸುವ ಅಪರಾಧ ಎಂದು ಕೇಸು ಬರೆದುಬಿಟ್ಟ. ಪಟೇಲ ಅಂತ ನನ್ನನ್ನು ಕರೆಸಿದರು. ನಾನು ಹೋಗಿ ಮೊದಲು ಡ್ರಮ್ಮು ಮುಟ್ಟಿ ನೋಡಿದೆ. ಬಾವಿ ನೀರಿನಷ್ಟು ತಣ್ಣಗಿತ್ತು.

“ಸ್ವಾಮಿ, ಇದರಲ್ಲಿ ಬೆಂಕಿಯೇ ಇಲ್ಲ. ಇವನು ನಡೆಸಿದ್ದು ಏನನ್ನ?” ಅಂದೆ.

“ಡ್ರೈವರ್ ಸೀಟಿನಲ್ಲಿ ಕೂತಿದ್ದಾನೆ, ಸ್ಟೇರಿಂಗ್ ಮೇಲೆ ಕೈ ಇದೆ. ಅಷ್ಟು ಸಾಕು ಪಟೇಲರೇ. ರುಜು ಹಾಕಿ” ಅಂದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ನಾನು ಬಿಡಲಿಲ್ಲ. ‘ನಿಂತಿದ್ದ ಬಸ್ಸಿನಲ್ಲಿ’ ಎಂಬ ಮಾತನ್ನು ಮಹಜರಿನಲ್ಲಿ ಸೇರಿಸುವ ತನಕ ರುಜು ಹಾಕುವುದಿಲ್ಲ ಅಂದೆ. ದಫೇದಾರ ಹಲ್ಲು ಕಡಿಯುತ್ತಾ ಸೇರಿಸಿದ. ಆ ಎರಡು ಮಾತಿಗೆ ನಾನು ಎಷ್ಟು ಬೀಗಿದೆ ಗೊತ್ತೆ? ಅಳಿಯನನ್ನು ಉಳಿಸಿಬಿಟ್ಟೆ ಅಂದುಕೊಂಡೆ.

ಕುರಿ ಕಾಯುವ ದೊಡ್ಡಬೀರಪ್ಪ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡವನು, ಇನ್ಸ್‌ಪೆಕ್ಟರು ಹೋದಮೇಲೆ ನನ್ನನ್ನು ಕೇಳಿದ: “ಅಲ್ಲ ಪಟೇಲ್ರೇ, ಎತ್ತು ಬಿಚ್ಚಿ ಗೋದ್ಲೀಗೆ ಕಟ್ಟಿ, ನಾನು ಬರೀ ಗಾಡಿ ಮೇಲೆ ಮಲೀಕಂಡ್ರೆ ಅದೂ ಗಾಡಿ ಹೊಡ್ದಂಗೇಯಾ? ಅಂಗಾದ್ರೆ ನಾನು ನಿದ್ದೇಲಿ ಇಷ್ಟೊತ್ತಿಗೆ ಕಾಶಿಗೆ ಹೋಗಿ ಬಂದಿರ್ಬೇಕಿತ್ತು.” ಓದು ಬರಹ ಇಲ್ಲದವನು. ಅವನಿಗೆ ತಿಳಿದದ್ದು ಕೋರ್ಟಿಗೆ ತಿಳಿಯಲಿಲ್ಲ.

ಕೋರ್ಟಿನಲ್ಲಿ ನಮ್ಮ ವಕೀಲ ಚೆನ್ನಾಗಿಯೇ ಹೇಳಿದ. ಬೆಂಕಿ ಆರಿತ್ತು, ಚಕ್ರಕ್ಕೆ ಕಲ್ಲಿತ್ತು, ಹಿಡಿಕೆ ತಿರುಗಿಸಲು ಇನ್ನೊಬ್ಬ ಇರಲಿಲ್ಲ ಅಂತ. ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿಂದ ನೋಡಿ, “ಆರಿದ ಬೆಂಕಿಯನ್ನು ಹಚ್ಚಬಹುದಲ್ಲ?” ಅಂದರು. ಹಚ್ಚಬಹುದು. ಯಾರು ಇಲ್ಲ ಅಂದರು? ನಮ್ಮ ಮನೆಯಲ್ಲಿ ಮೂರು ಮಚ್ಚಿವೆ, ನಾಳೆ ಬಂದು ನನ್ನನ್ನು ಕೊಲೆಗಾರ ಅಂತ ಎಳೆದುಕೊಂಡು ಹೋಗಲಿ. ಮಿಲಿಟರಿಗೆ ಸಾಮಾನು ಸಾಗಿಸುವ ಲಾರಿಗಳು ದೇವನಹಳ್ಳಿ ರಸ್ತೆಯಲ್ಲಿ ಹಾವಿನ ಹಾಗೆ ಹರಿಯುತ್ತವೆ, ಡ್ರೈವರುಗಳ ಬಾಯಿ ಮೂಸುವ ಗಂಡಸು ಈ ಸೀಮೆಯಲ್ಲಿ ಇಲ್ಲ. ಕುಡಿದು ಓಡಿಸಿದವನು ಮನೆ ಸೇರಿ ಬೆಚ್ಚಗೆ ಮಲಗುತ್ತಾನೆ. ಕುಡಿದಿದ್ದೇನೆ, ಓಡಿಸಬಾರದು ಅಂತ ನಿಂತವನು ಕಟಕಟೆಯಲ್ಲಿ ನಿಲ್ಲುತ್ತಾನೆ. ಇದು ಯಾವ ಊರಿನ ನ್ಯಾಯ?

ಆದರೂ ಆ ಮನುಷ್ಯ ಕೆಟ್ಟವರಲ್ಲ, ಅದೇ ನನಗೆ ಇನ್ನೂ ಉರಿ. ಹೋದ ವರ್ಷ ಒಂದು ಬಸ್ಸು ಕೆರೆ ಏರಿಯಿಂದ ಉರುಳಿ ಆರು ಜನ ಸತ್ತರಂತೆ. ಆ ಡ್ರೈವರನೂ ಅದಕ್ಕೆ ಮುಂಚೆ ಕುಡಿದು ಸಿಕ್ಕಿಬಿದ್ದಾಗ ನಾನು ಬರೀ ಮಲಗಿದ್ದೆ ಅಂತಲೇ ಹೇಳಿ ಪಾರಾಗಿದ್ದನಂತೆ. ಅದನ್ನು ಹೇಳಿ ಮ್ಯಾಜಿಸ್ಟ್ರೇಟರು ನಿನ್ನ ಗಂಡನನ್ನು ಮೆತ್ತಗೆ ಕೇಳಿದರು:

“ನೋಡಪ್ಪ, ನಿನಗೆ ಓಡಿಸುವ ಉದ್ದೇಶ ಇರಲಿಲ್ಲ ಅನ್ನುತ್ತೀಯ. ಅದೇ ಊರಿನಲ್ಲಿ ನಿನ್ನ ಮಾವನ ಮನೆ ಇದೆ. ಪಟೇಲರ ಮನೆ, ದೊಡ್ಡ ಮನೆ. ಮಲಗುವುದೇ ಆಗಿದ್ದರೆ ಅಲ್ಲಿಗೆ ಹೋಗುತ್ತಿದ್ದೆ. ಬಸ್ಸಿನಲ್ಲಿ, ಅದೂ ಡ್ರೈವರ್ ಸೀಟಿನಲ್ಲಿ ಯಾಕೆ ಕೂತೆ?”

ರಾಮಾಂಜಿನಪ್ಪ ತಲೆ ತಗ್ಗಿಸಿದ. “ಸುಮ್ಮನೆ ಸ್ವಾಮಿ” ಅಂದ. ಮೂರು ಸಲ ಕೇಳಿದರು. ಮೂರು ಸಲವೂ ಅದೇ ಮಾತು. ಸುಮ್ಮನೆ ಮಲಗುವವನು ಯಾರಿದ್ದಾನೆ, ಇವನು ಅಲ್ಲಿಂದ ಬಸ್ಸು ಹೊರಡಿಸುವವನೇ ಇದ್ದ ಅಂತ ತೀರ್ಮಾನ ಮಾಡಿದರು. ಲೈಸೆನ್ಸು ಒಂದು ವರ್ಷ ರದ್ದು. ಹನ್ನೊಂದು ವರ್ಷ ಸ್ಟೇರಿಂಗ್ ಹಿಡಿದು ಒಂದು ಕೋಳಿಯನ್ನೂ ಕೊಲ್ಲದ ಕೈ. ಆ ಕೈಯಲ್ಲಿ ಈಗ ಏನು ಹಿಡಿಯುತ್ತಾನೆ?

ಮನೆಗೆ ಬಂದು ಹೇಳಿದರೆ ನಿಮ್ಮಮ್ಮನೂ ಅದೇ ರಾಗ ತೆಗೆದಳು. “ಅವತ್ತು ಅಳಿಯಂದ್ರಿಗೆ ಅಂತ ಮುದ್ದೆ ತೆಗ್ದಿಟ್ಟಿದ್ದೆ. ಬೀಗ್ರೂಟ ಉಂಡ್ಕೊಂಡು ಬಂದೋರು ಸೀದಾ ಮನೆಗೆ ಬಂದಿದ್ರೆ ಇವೆಲ್ಲ ಇರ್ತಿತ್ತಾ?” ಅಂದಳು. ನಾನು ರೇಗಿಬಿಟ್ಟೆ. ನಿನ್ನ ಮುದ್ದೆ ನಾಯಿಗೆ ಹಾಕು ಅಂದೆ. ಮೂವತ್ತು ವರ್ಷದಲ್ಲಿ ನಾನು ಅವಳಿಗೆ ಹಾಗೆ ಅಂದದ್ದಿಲ್ಲ. ಅವಳು ಎರಡು ದಿನ ಮುದ್ದೆಯನ್ನೇ ಮಾಡಲಿಲ್ಲ. ಈಗ ಸರಿಹೋಗಿದ್ದಾಳೆ, ನೀನೇನೂ ಬರೆಯಲು ಹೋಗಬೇಡ.

ವಕೀಲ ಅಪೀಲು ಹಾಕಿದ್ದಾನೆ. ಬೆಂಗಳೂರಿನಲ್ಲಿ ಬರುವ ತಿಂಗಳ ಹತ್ತನೇ ತಾರೀಖು ವಿಚಾರಣೆ. ಹೊಸ ಸಾಕ್ಷಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದಿದ್ದಾನೆ.

ಬಿಳಿ ಹಸು ಹೆಣ್ಣುಗರು ಹಾಕಿದೆ. ನಿನಗೆಂದು ಗಿಣ್ಣು ಮಾಡಿ ಕಳಿಸಲು ನಿಮ್ಮಮ್ಮ ಹೊರಟಿದ್ದಳು, ಹೊಸಕೋಟೆ ಮುಟ್ಟುವ ಹೊತ್ತಿಗೆ ಕೆಡುತ್ತದೆಂದು ತಡೆದೆ. ಭಾರ ಎತ್ತಬೇಡ. ಅತ್ತೆಯ ಮಾತಿಗೆ ಎದುರಾಡಬೇಡ. ಗಂಡನನ್ನು ಬಯ್ಯಬೇಡ, ಅದು ಮುಖ್ಯ. ನಿನ್ನ ಹೊಟ್ಟೆ ತಣ್ಣಗಿರಲಿ, ಹೆರಿಗೆ ಹೂವಿನಂತೆ ಆಗಲಿ ಎಂದು ಹರಸುವ,

ನಿನ್ನ ಅಪ್ಪ
ವೆಂಕಟರಾಯಪ್ಪ

ತಾ.ಕ.: ರುಜು ಹಾಕಿ, ಕಾಗದ ಮಡಿಸಿ, ಮತ್ತೆ ಬಿಚ್ಚಿದ್ದೇನೆ. “ಅಪ್ಪಾ, ಊರಲ್ಲೇ ಮನೆ ಇರುವಾಗ ಅವರು ಬಸ್ಸಿನಲ್ಲಿ ಯಾಕೆ ಮಲಗಿದರು?” ಎಂದು ನೀನು ಕೇಳಿದ್ದಕ್ಕೆ ಉತ್ತರ ಬರೆಯದೆ ನಾಲ್ಕು ಪುಟ ತುಂಬಿಸಿದ್ದೇನೆ. ಊರಿನವರನ್ನೆಲ್ಲ ಬಯ್ದದ್ದಾಯಿತು. ಇನ್ನು ಉಳಿದವನು ಒಬ್ಬ.

ಅವನು ಬಂದಿದ್ದ ಮಗಳೇ. ರಾತ್ರಿ ಒಂಬತ್ತರ ಹೊತ್ತು. ಸರ್ಕಾರಕ್ಕೆ ಅಳೆಯಬೇಕಾದ ಲೆವಿ ರಾಗಿಯ ಲೆಕ್ಕಕ್ಕೆ ಕಂದಾಯದ ಶೇಕ್ದಾರರು ಬಂದು ಜಗುಲಿಯ ಮೇಲೆ ಕೂತಿದ್ದರು. ಅದನ್ನು ನೋಡಿ ಅವನು ಮುಂಬಾಗಿಲಿಗೆ ಬರದೆ ಹಿತ್ತಲಿಗೆ ಬಂದ. ನಾನು ಚೊಂಬು ಹಿಡಿದು ಹೋದವನು ಕಂಡೆ. ದೂರದಲ್ಲೇ ನಿಂತು, ಬಾಯಿಗೆ ಟವೆಲು ಅಡ್ಡ ಹಿಡಿದು, “ಮಾವ, ಒಂಚೂರು ಕುಡ್ದಿದ್ದೀನಿ. ಒಳಕ್ಕೆ ಬರಲ್ಲ. ಕೊಟ್ಟಿಗೇಲಿ ಒಂದು ಮೂಲೇಲಿ ಮಲಗಿದ್ದು ಬೆಳಿಗ್ಗೇನೇ ಎದ್ದು ಹೋಗ್ತೀನಿ” ಅಂದ.

“ಶೇಕ್ದಾರ್ರು ಕೂತವ್ರೆ. ನನ್ನ ಮಾನ ಕಳೀಬೇಡ. ಹೋಗಿ ನಿನ್ನ ಬಸ್ಸಲ್ಲೇ ಬಿದ್ಕೊ” ಅಂದೆ. ಅವನು “ಆಗ್ಲಿ ಮಾವ” ಅಂದು ಹೊರಟುಹೋದ. ಹೇಳಿದ್ದನ್ನೇ ಮಾಡಿದ.

ಕೋರ್ಟಿನಲ್ಲಿ ಮಹಜರಿನ ಸಾಕ್ಷಿ ಅಂತ ನನ್ನನ್ನೂ ಕರೆದಿದ್ದರು. ಪ್ರಮಾಣ ಮಾಡಿಸಿ, “ಪಟೇಲರೇ, ನಿಮ್ಮ ಅಳಿಯ ಅವತ್ತು ನಿಮ್ಮ ಮನೆಗೆ ಬಂದಿದ್ದನೇ?” ಎಂದು ಕೇಳಿದರು. ಅವನು ಒಂದೇ ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದ. ನಾನು ರುಮಾಲು ಸರಿಮಾಡಿಕೊಂಡು, “ಇಲ್ಲ ಸ್ವಾಮಿ, ಮನೆಗೆ ಬರಲಿಲ್ಲ” ಅಂದೆ. ಹಿತ್ತಲಿಗೆ ಬಂದವನು ಮನೆಗೆ ಬಂದ ಹಾಗಲ್ಲವಲ್ಲ ಎಂದು ಮನಸ್ಸಿನಲ್ಲಿ ವಾದ ಕಟ್ಟಿಕೊಂಡೆ. ಬೆಂಕಿ ಇಲ್ಲದ ಬಸ್ಸನ್ನು ನಡೆಸಿದ ಅಂದ ಇನ್ಸ್‌ಪೆಕ್ಟರು ನನಗಿಂತ ಎಷ್ಟೋ ವಾಸಿ. ನಾನು ನಿಜ ಹೇಳಿದ್ದರೆ ಕೇಸು ಅಲ್ಲೇ ಬಿದ್ದುಹೋಗುತ್ತಿತ್ತು. ಅವನೂ ಹೇಳಬಹುದಿತ್ತು. ಮಾವನ ಮಾನ ಅಂತ ಮೂರು ಸಲ ‘ಸುಮ್ಮನೆ’ ಅಂದ.

ಹತ್ತನೇ ತಾರೀಖು ನಾನೇ ಬೆಂಗಳೂರಿನಲ್ಲಿ ನಿಂತು ಇದನ್ನೆಲ್ಲ ಹೇಳುತ್ತೇನೆ. ಸುಳ್ಳು ಸಾಕ್ಷಿಗೆ ಪಟೇಲಿಕೆ ಹೋದರೆ ಹೋಗಲಿ. ನಿಮ್ಮಮ್ಮನಿಗೆ ಇವತ್ತು ಊಟವಾದ ಮೇಲೆ ಹೇಳುತ್ತೇನೆ.

ಅದಕ್ಕೆ ಮೊದಲು, ಈ ಭಾನುವಾರ, ಹೊಸಕೋಟೆಗೆ ಬರುತ್ತೇನೆ. ಈ ಕಾಗದವನ್ನು ಅವನಿಗೆ ಓದಿ ಹೇಳು. ನಾನು ಮುಂಬಾಗಿಲಿಗೆ ಬರುವುದಿಲ್ಲ, ಹಿತ್ತಲಲ್ಲಿ ನಿಂತಿರುತ್ತೇನೆ. ನೀನು ಬಂದು ಕರೆಯಬೇಡ. ಅವನು ಒಳಗೆ ಬಾ ಅಂದರೆ ಬರುತ್ತೇನೆ, ಕೊಟ್ಟಿಗೆ ತೋರಿಸಿದರೆ ಅಲ್ಲೇ ಮಲಗುತ್ತೇನೆ.