ಬಾಗಿಲಿಗೆ ಕಟ್ಟಿದ ಬೇವು

ಕ್ಯಾಲನೂರು
11 ಮಾರ್ಚ್ 2025, ಮಂಗಳವಾರ

ಪ್ರೀತಿಯ ಅಪ್ಪಾ,

ಧನಶ್ರೀಯ ನಮಸ್ಕಾರ. ಸೊಂಟದ ನೋವು ಹೇಗಿದೆ? ಛತ್ತೀಸಗಡದಲ್ಲಿ ಈಗಲೇ ಬಿಸಿಲು ಜೋರಂತೆ. ಬೋರ್‌ವೆಲ್ ಗಾಡಿ ಓಡುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀಯೋ, ಅದನ್ನೂ ಮರೆಯುತ್ತೀಯೋ? ಅಮ್ಮ ಚೆನ್ನಾಗಿದ್ದಾಳೆ. ಸೀಮೆಹಸು ಹೆಣ್ಣು ಕರು ಹಾಕಿದೆ. ಅಜ್ಜಿ ಎಂದಿನಂತೆ ಇದ್ದಾಳೆ, ಅಂದರೆ ನಾವೆಲ್ಲ ಅವಳು ಹೇಳಿದಂತೆ ಇದ್ದೇವೆ. ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ಇಲ್ಲವೇ ಸಿಗ್ನಲ್ ಇಲ್ಲ ಎನ್ನುತ್ತೀಯ. ನಿನ್ನ ಗಾಡಿಯ ಶ್ರೀಧರಣ್ಣ ರಜೆ ಮುಗಿಸಿ ಇವತ್ತೇ ಹೊರಟಿದ್ದಾನೆ. ಅವನ ಕೈಲಿ ಕಳಿಸುತ್ತಿದ್ದೇನೆ, ಪೂರ್ತಿ ಓದು. ನನಗೆ ನಿನ್ನ ಮೇಲೆ ವಿಪರೀತ ಸಿಟ್ಟು ಬಂದಿದೆ.

ಹೋದ ಮಂಗಳವಾರ ಅಜ್ಜಿ ನನ್ನ ತಲೆಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು. ಅದಕ್ಕೆ ಎರಡು ದಿನ ಮುಂಚೆ ಮಾಲೂರಿನ ಹತ್ತಿರದ ರೆಸಾರ್ಟಿನಲ್ಲಿ ಪೇಂಟ್‌ಬಾಲ್ ಆಡಿ ಬಂದಿದ್ದೆ. ಬಣ್ಣ ತುಂಬಿದ ಗುಂಡು ಬಡಿದ ಕಡೆ ಮೈ ದುಂಡಗೆ, ಕೆಂಪಗೆ ಊದಿಕೊಳ್ಳುತ್ತದೆ, ವಾರದೊಳಗೆ ಹೋಗುತ್ತದೆ. ನನ್ನ ಬೆನ್ನಿನ ತುಂಬ ಅದೇ ಗುರುತು. ಅಜ್ಜಿ ಚೊಂಬು ಕೆಳಗಿಟ್ಟು 'ಅಯ್ಯೋ ತಲ್ಲೀ, ಮನೇಗೆ ತಾಯಿ ಬಂದವ್ಳೆ' ಎಂದು ಕೈಮುಗಿದಳು. ಚಿಕನ್‌ಪಾಕ್ಸ್ ಎಂದುಕೊಂಡಳು. ಸೀಗೆಪುಡಿ ಮೆತ್ತಿದ ತಲೆಯಲ್ಲೇ ಕೂತು, ಇದು ಗುಂಡಿನ ಏಟು ಕಣಜ್ಜಿ ಎಂದೆ. ತಾಯಿ ಬಂದಾಗ ಇಲ್ಲ ಅನ್ನಬಾರದಂತೆ, ಅಂದರೆ ಅವಳಿಗೆ ಕೋಪ ಬಂದು ಇನ್ನೂ ಜಾಸ್ತಿ ಏಳುತ್ತದಂತೆ. ನಾನು ಇಲ್ಲ ಇಲ್ಲ ಎಂದ ಹಾಗೆಲ್ಲ ಅಜ್ಜಿ ತನ್ನ ಕೆನ್ನೆ ಬಡಿದುಕೊಂಡು ನನ್ನ ಪರವಾಗಿ ತಪ್ಪಾಯಿತು ಎಂದಳು. ಮಧ್ಯಾಹ್ನದೊಳಗೆ ಬಾಗಿಲಿಗೆ ಬೇವಿನ ಸೊಪ್ಪು ಬಿತ್ತು, ಅಡುಗೆಮನೆಯಲ್ಲಿ ಒಗ್ಗರಣೆ ನಿಂತಿತು. ಮೂರು ಸಲ ನೀರು ಹಾಕುವ ತನಕ ನಾನು ಹೊಸಿಲು ದಾಟುವ ಹಾಗಿಲ್ಲ, ಹೊರಗಿನವರು ಒಳಗೆ ಬರುವ ಹಾಗಿಲ್ಲ. ದೊಡ್ಡಪ್ಪನ ಮಗ ಅನಿಲ್‌ಕುಮಾರ್ ಕರು ನೋಡಲು ಬಂದವನು ಬೀದಿಯಿಂದಲೇ ವಾಪಸು ಹೋದ.

ಅಜ್ಜಿ ನಂಬಿದ್ದನ್ನು ಮಾಡಿದಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಿನಗೆ ಗೊತ್ತಿತ್ತು. ಸಂಕ್ರಾಂತಿಗೆ ಬಂದಾಗ ನನ್ನ ತೋಳಿನ ಮೇಲೆ ಇದೇ ಗುರುತು ನೋಡಿ, 'ಇದೇನಮ್ಮ, ಕಾಸು ಕಾಯಿಸಿ ಇಟ್ಟಂಗೈತೆ' ಎಂದು ನೀನೇ ಕೊಬ್ಬರಿ ಎಣ್ಣೆ ಸವರಿದ್ದೆ. ಅಮ್ಮ ಫೋನ್ ಮಾಡಿದಾಗ ಆ ಒಂದು ಮಾತು ಹೇಳಿದ್ದರೆ ಬೇವು ಅವತ್ತೇ ಇಳಿಯುತ್ತಿತ್ತು. ನೀನು 'ಅಜ್ಜಿ ಹೇಳ್ದಂಗೆ ಕೇಳು' ಎಂದೆ. ಅಷ್ಟಕ್ಕೇ ಬಿಡಲಿಲ್ಲ, ನಮ್ಮ ತಂಡದ ನಾಯಕ ವೆಂಕಟಣ್ಣನಿಗೂ ಫೋನ್ ಮಾಡಿ, ಮಗಳಿಗೆ ಚಿಕನ್‌ಪಾಕ್ಸ್, ಅವಳು ಬರೋಲ್ಲ ಎಂದೆ. ಮೊನ್ನೆ ಭಾನುವಾರ ಹೈದರಾಬಾದಿನ ಪಂದ್ಯಕ್ಕೆ ಆಟಗಾರರನ್ನು ಆರಿಸುವುದಿತ್ತು ಎಂದು ನಿನಗೆ ಚೆನ್ನಾಗಿ ಗೊತ್ತಿತ್ತು. ನಾನು ಚಾಪೆಯ ಮೇಲೆ ಅಂಬಲಿ ಕುಡಿಯುತ್ತ ಕೂತಿದ್ದೆ, ನನ್ನ ಜಾಗಕ್ಕೆ ಬೇರೆ ಹುಡುಗಿಯನ್ನು ಹಾಕಿಕೊಂಡರು. ಈ ಭಾನುವಾರ ಶ್ರೀನಿವಾಸಪುರದ ಮಾವಿನ ಮಂಡಿಯವರು ತಮ್ಮ ಮಗನಿಗೆ ನನ್ನನ್ನು ನೋಡಲು ಬರುತ್ತಾರಲ್ಲ, ಅಷ್ಟರಲ್ಲಿ ಮೂರನೇ ನೀರೂ ಮುಗಿದಿರುತ್ತದೆ, ಮೈಮೇಲಿನ ಗುರುತೂ ಮಾಯವಾಗಿರುತ್ತದೆ ಎಂದು ನೀನು ಅಲ್ಲೇ ಕೂತು ಎಣಿಸಿದೆ. ಕೈಮುಗಿಯುವ ದೇವರ ಹೆಸರಿನಲ್ಲಿ ಇಂಥ ಕೆಲಸ ಮಾಡಬಹುದಾ ಅಪ್ಪಾ?

'ಆಟ ಆಡ್ಕೊಂಡು ಹೊಟ್ಟೆ ತುಂಬ್ತದೇನಮ್ಮ' ಎಂದು ಪ್ರತಿ ಸಲ ಕೇಳುತ್ತೀಯ. ತುಂಬುವುದಿಲ್ಲ. ಕೇಳಿ ಉತ್ತರಕ್ಕೆ ಕಾದಿದ್ದರೆ ನಾನೇ ಹೇಳುತ್ತಿದ್ದೆ. ವೆಂಕಟಣ್ಣನಷ್ಟು ಚೆನ್ನಾಗಿ ಆಡುವವರು ನಮ್ಮ ಕಡೆ ಇಲ್ಲ, ಅವನೂ ವಾರವೆಲ್ಲ ಕಾರ್ಖಾನೆಯಲ್ಲಿ ದುಡಿದು ಭಾನುವಾರ ಆಡುತ್ತಾನೆ. ಬಂದೂಕು, ಮುಖವಾಡ, ಬಣ್ಣದ ಗುಂಡು ಎಲ್ಲ ನಮ್ಮ ಖರ್ಚಿನಲ್ಲೇ. ಆಟ ದೊಡ್ಡದಾಗಿ ಬೆಳೆದಿರುವ ದೇಶಗಳಲ್ಲೂ ಆಡಿಯೇ ಬದುಕುವವರು ಬೆರಳೆಣಿಕೆಯಷ್ಟಂತೆ, ಉಳಿದವರು ಆಟ ಕಲಿಸುತ್ತಾರೆ, ಮೈದಾನ ನಡೆಸುತ್ತಾರೆ, ಇಲ್ಲವೇ ನಮ್ಮ ಹಾಗೆ ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ. ಇದೆಲ್ಲ ಗೊತ್ತಿದ್ದೇ ಆಡುತ್ತೇನೆ. ನನ್ನ ಪ್ರಶ್ನೆ ಬೇರೆ. ಅನಿಲ್‌ಕುಮಾರ್ ಹೋಳೂರಿನಲ್ಲಿ ಕ್ರಿಕೆಟ್ ಆಡಿ ಕಾಲು ಉಳುಕಿಸಿಕೊಂಡು ಬಂದಾಗ ನೀವೆಲ್ಲ ನಾಟಿಕೋಳಿ ಸಾರು ಮಾಡಿಸಿದಿರಿ. ಅವನನ್ನು ಯಾರೂ ಹೊಟ್ಟೆಯ ಮಾತು ಕೇಳಲಿಲ್ಲ. ನಿನ್ನ ಗಾಡಿ ನಿಂತ ಕಡೆಯೆಲ್ಲ ನೀರು ಬಂತಾ? ಬರದಿದ್ದರೂ ಕೊರೆಯುತ್ತೀಯಲ್ಲ. ಮೈದಾನದಲ್ಲಿ ಮುಖವಾಡ ಹಾಕಿಕೊಂಡು ಅಡ್ಡಗೋಡೆಯ ಹಿಂದೆ ಕೂತಾಗ ನನ್ನ ಉಸಿರು ನನಗೇ ಕೇಳಿಸುತ್ತದೆ. ಆ ಕಡೆ ಇರುವವರು ನಾನು ಯಾವಾಗ ಎದ್ದೇನೋ ಎಂದು ಹೆದರಿಕೊಂಡಿರುತ್ತಾರೆ. ನನಗೆ ಹೆದರುವವರು ಈ ಲೋಕದಲ್ಲಿ ಬೇರೆಲ್ಲೂ ಇಲ್ಲ. ಆ ಖುಷಿಯನ್ನು ನಾನು ಬಿಡುವುದಿಲ್ಲ.

ಆರಿಸುವುದೆಲ್ಲ ಮುಗಿದ ಮೇಲೆ ಮೊನ್ನೆ ಭಾನುವಾರ ಸಂಜೆ ವೆಂಕಟಣ್ಣ ನನ್ನನ್ನು ವಿಚಾರಿಸಲು ಬಂದಿದ್ದ. ಬೇವು ನೋಡಿ ಹೊರಗೇ ನಿಂತ. ಬೆನ್ನಿನ ಮೇಲೆ ಎಂಥ ಗುಳ್ಳೆ ಎದ್ದಿದೆ ಎಂದು ಅಜ್ಜಿ ವಿವರಿಸತೊಡಗಿದಳು. ಅವನು ಅಂಗಿಯ ತೋಳು ಮೇಲೆತ್ತಿ ತೋರಿಸಿದ. ಅದೇ ದುಂಡಗಿನ ಗುರುತು, ಒಂದರ ಪಕ್ಕ ಒಂದು. 'ನಿಂಗೂ ಬಂದವ್ಳೇನಪ್ಪ' ಎಂದಳು ಅಜ್ಜಿ. ಅವನು ನಗದೆ, ನಿಧಾನವಾಗಿ, ಗುಂಡು ಹೇಗೆ ಬಡಿಯುತ್ತದೆ, ಬಣ್ಣ ಹೇಗೆ ಚೆಲ್ಲುತ್ತದೆ ಎಂದೆಲ್ಲ ಹೇಳಿದ. ಅವನು ಹೋದ ಮೇಲೆ ಅಜ್ಜಿ ನನ್ನನ್ನು ಕೇಳಿದ್ದು ಒಂದೇ ಮಾತು. 'ಗಂಗಾಧರಂಗೆ ಇದು ಗೊತ್ತಿತ್ತೇನೇ?' ಗೊತ್ತಿತ್ತು ಎಂದೆ. ಅವಳು ಎದ್ದು ಹೋಗಿ ದೇವರಿಗೆ ದೀಪ ಹಚ್ಚಿದಳು.

ಸಿಟ್ಟು ಸಿಟ್ಟೇ, ಆದರೂ ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ಚಟ್ನಿಪುಡಿ, ಹುರುಳಿಹಪ್ಪಳ ಕಟ್ಟಿಕೊಟ್ಟಿದ್ದಾಳೆ, ಎಲ್ಲರಿಗೂ ಹಂಚಿ ನೀನು ಬರಿಗೈಯಲ್ಲಿ ಕೂರಬೇಡ. ಸೊಂಟಕ್ಕೆ ಎಣ್ಣೆ ಬೇರೆ ಇಟ್ಟಿದ್ದೇನೆ.

ನಿನ್ನ ಮಾತು ಕೇಳದ, ನಿನ್ನದೇ ಮಗಳು,
ಧನಶ್ರೀ

ಮರೆತಿದ್ದೆ: ಶ್ರೀಧರಣ್ಣ ಬೀದಿಯಲ್ಲಿ ನಿಂತು ಬಸ್ಸಿಗೆ ಹೊತ್ತಾಯಿತು ಎಂದು ಕೂಗುತ್ತಿದ್ದಾನೆ, ಅದಕ್ಕೆ ಬೇಗ ಬರೆಯುತ್ತೇನೆ. ರೆಸಾರ್ಟಿಗೆ ಬರುವವರಿಗೆ ಆಟ ಕಲಿಸಿ, ತೀರ್ಪು ಹೇಳುವ ಕೆಲಸಕ್ಕೆ ನನ್ನನ್ನು ಕರೆದಿದ್ದಾರೆ. ಸಂಬಳದ ಕೆಲಸ. ಈ ಶನಿವಾರದಿಂದ ಹೋಗುತ್ತೇನೆ. ಹಿತ್ತಿಲ ಬಾಗಿಲಿನಿಂದ ಹೋಗು ಎಂದಿದ್ದಾಳೆ ಅಜ್ಜಿ. ಮುಂಬಾಗಿಲ ಬೇವು ಇನ್ನೂ ಇಳಿದಿಲ್ಲ. ಬಾಡಿತ್ತು ಎಂದು ಇವತ್ತು ಬೆಳಿಗ್ಗೆ ತಾನೇ ಹಸಿ ಸೊಪ್ಪು ತಂದು ಕಟ್ಟಿದ್ದಾಳೆ. ಮಂಡಿಯವರಿಗೆ ಬರಬೇಡಿ ಎಂದು ನೀನೇ ಫೋನ್ ಮಾಡಬೇಕಂತೆ. ಯಾಕೆ ಎಂದು ನೀನು ಕೇಳಿದರೆ ಹೀಗೆ ಬರಿ ಎಂದಳು, ಅವಳ ಮಾತಿನಲ್ಲೇ ಬರೆಯುತ್ತೇನೆ: 'ತಾಯಿ ಬಂದಿರೋ ಮನೇಗೆ ಯಾರೂ ಬರಂಗಿಲ್ಲ ಕಣೋ ಗಂಗಾ. ಬಂದವ್ಳೆ ಅಂತ ಊರಿಗೆಲ್ಲಾ ಫೋನ್ ಮಾಡ್ದೋನು ನೀನೇ ಅಲ್ವೇನೋ.'